ಹಿತಕ್ಕಾಗಿ ಆಡಿದ ಸುಳ್ಳು

ಈ ಅಂಕಣದಲ್ಲಿ ಚಲನಚಿತ್ರವೊಂದರ ಪ್ರಸ್ತಾಪವನ್ನು ವಾಚಕರು ನಿರೀಕ್ಷಿಸಲಾರರು. ಅದರಲ್ಲಿಯೂ ದೂರದ ಇರಾನಿನ ಪರ್ಷಿಯನ್ ಭಾಷೆಯ ಚಿತ್ರವೆಂದರೆ ಹುಬ್ಬೇರಿಸುವವರೂ ಇರಬಹುದು. ಆದರೂ ಅಸ್ಗರ್ ಫರ್ಹಾದಿಯವರ ನಿರ್ದೇಶನದಲ್ಲಿ 2009ರಲ್ಲಿ ತೆರೆಕಂಡ ‘ಎಲಿಯ ಕುರಿತು’ ಎಂಬ ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಅದಕ್ಕೆ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ದೊರೆಯಿತೆಂಬುದು ನಮಗೆ ಇಲ್ಲಿ ಮುಖ್ಯವಲ್ಲ. ಸಜ್ಜನರ ನಡುವೆ ಸುಳ್ಳು ಹೇಗೆ ಹುಟ್ಟಿ ಬೆಳೆಯುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಚಿತ್ರವನ್ನು ನಾವು ಕಂಡಿಲ್ಲ. ಕಥೆಯ ಅಂತ್ಯವನ್ನು ಹೇಳದೆ ವಿಷಯವನ್ನು ವಿವರಿಸಲಾಗದು, ನೋಡಬೇಕೆಂದಿರುವವರು ಮನ್ನಿಸಬೇಕು.

ಟೆಹರಾನಿನ ಮೂರು ದಂಪತಿಗಳು ಮಕ್ಕಳೊಡಗೂಡಿ ಕ್ಯಾಸ್ಪಿಯನ್ ಸಮುದ್ರದ ದಡಕ್ಕೆ ವಿಹಾರಕ್ಕೆಂದು ಹೊರಡುತ್ತಾರೆ. ಎಲ್ಲರೂ ವಿಶ್ವವಿದ್ಯಾಲಯದ ದಿನಗಳ ಒಡನಾಡಿಗಳು. ವಿಚ್ಛೇದಿತನಾಗಿ ಜರ್ಮನಿಯಿಂದ ಬಂದಿರುವ ಗೆಳೆಯ ಅಹ್ಮದ್ ಜೊತೆಗಿದ್ದಾನೆ. ಪ್ರವಾಸವನ್ನು ಏರ್ಪಡಿಸಿದ ಸೆಪಿದೆ ಎಂಬಾಕೆ ತನ್ನ ಮಗಳ ಶಿಶುವಿಹಾರದ ಶಿಕ್ಷಕಿ ಎಲಿಯನ್ನೂ ಕರೆತಂದಿದ್ದಾಳೆ. ಅಹ್ಮದನಿಗೆ ಹೆಣ್ಣು ತೋರಿಸಬೇಕೆಂಬುದು ಅವಳ ಇಚ್ಛೆ. ಗೊತ್ತುಮಾಡಿದ್ದ ಮನೆ ದೊರೆಯದಿದ್ದಾಗ, ಬಾಡಿಗೆಗೆ ಕೊಡುವ ಹೆಂಗಸಿಗೆ ಈ ಇಬ್ಬರೂ ನವದಂಪತಿಗಳೆಂದು ಹೇಳಿಬಿಡುತ್ತಾಳೆ. ಒಂದೇ ರಾತ್ರಿ ಇರುವೆನೆಂದು ಬಂದ ಎಲಿ ಊರಿಗೆ ಹೊರಟು ನಿಂತಾಗ ಆಕೆಯ ಚೀಲವನ್ನು ಬಚ್ಚಿಡುತ್ತಾಳೆ. ಎಲಿಯೂ ಹಿಂದೆ ಬಿದ್ದವಳಲ್ಲ. ಸಹೋದ್ಯೋಗಿಗಳೊಡನೆ ಬಂದಿರುವುದಾಗಿ ತಾಯಿಗೆ ದೂರವಾಣಿಯಲ್ಲಿ ತಿಳಿಸಿ, ಯಾರಿಗೂ ಹೇಳಬೇಡವೆನ್ನುತ್ತಾಳೆ. ಇಷ್ಟರವರೆಗೆ ನೋಡುವವರಿಗೆ ನಗುವೇ ಬರುತ್ತದೆ. ಮರುದಿನ ಎಲಿ ದಡದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಗ ಬಾಲಕನೊಬ್ಬ ಅಲೆಗಳ ಪಾಲಾಗುತ್ತಾನೆ. ಗಂಡಸರು ನೀರಿಗೆ ಹಾರಿ ಅವನನ್ನು ಉಳಿಸುತ್ತಾರೆ. ಬಳಿಕ ಸುತ್ತಲೂ ನೋಡಿದರೆ ಎಲಿ ಇಲ್ಲ.

ಬಾಲಕನನ್ನು ಉಳಿಸಲು ಹೋಗಿ ಮುಳುಗಿದಳೇ? ಮಕ್ಕಳನ್ನು ಬಿಟ್ಟು ಊರಿಗೆ ಹೊರಟುಹೋದಳೇ? ಇದನ್ನು ತಿಳಿಯಲು ಆಕೆಯ ಸಾಮಾನು ಎಲ್ಲಿದೆಯೆಂದು ನೋಡಿದರೆ ಸಾಕಾಗಿತ್ತು. ಆ ಸಾಕ್ಷ್ಯವನ್ನೇ ಅಡಗಿಸಿಡಲಾಗಿತ್ತು. ಪೊಲೀಸರು ಹೆಸರು ಕೇಳಿದರೆ ಆಕೆಯ ಪೂರ್ಣ ಹೆಸರು ಒಬ್ಬರಿಗೂ ತಿಳಿಯದು. ಹಿಂದಿನ ರಾತ್ರಿ ಜೊತೆಗೆ ಉಂಡು, ಆಡಿ, ನಕ್ಕವರು ಇವರೇ! ಆಪತ್ತಿನ ಗಳಿಗೆಯಲ್ಲಿ ಮನುಷ್ಯನಿಗೆ ಬೇಕಾಗುವುದು ಸರಳವಾದ ಕೆಲವು ಸಂಗತಿಗಳು: ಯಾರು, ಎಲ್ಲಿಂದ, ಯಾರಿಗೆ ತಿಳಿಸಬೇಕು. ನಿರುಪದ್ರವಿಯೆಂದು ತೋರುವ ಸುಳ್ಳು ಮೊದಲು ನುಂಗಿಹಾಕುವುದು ಇವುಗಳನ್ನೇ. ಆಮೇಲೆ ಎಲಿಯ ಸೋದರನೆಂದು ಹೇಳಿಕೊಂಡು ಬಂದವನು ಸೋದರನಲ್ಲ, ಆಕೆಗೆ ನಿಶ್ಚಯವಾಗಿದ್ದ ವರನೆಂಬುದು ಬಯಲಾಗುತ್ತದೆ. ಆಕೆಗೆ ಆ ಸಂಬಂಧ ಬೇಡವಾಗಿತ್ತು. ಸೆಪಿದೆಗೆ ಇದೆಲ್ಲ ಮೊದಲೇ ತಿಳಿದಿತ್ತು.

ಸುಳ್ಳಿನ ಬಗ್ಗೆ ಸಂತ ಅಗಸ್ಟೀನರಷ್ಟು ಕಠೋರವಾಗಿ ಬರೆದವರು ವಿರಳ. ಎರಡು ಗ್ರಂಥಗಳನ್ನೇ ಅದಕ್ಕಾಗಿ ಮೀಸಲಿಟ್ಟ ಅವರು ಸುಳ್ಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಎಂಟರಲ್ಲಿ ಒಂದಕ್ಕೂ ಅನುಮತಿ ಕೊಡಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಎಂಟನ್ನು ಮೂರಕ್ಕೆ ಇಳಿಸಿದರು: ಕೇಡಿನ ಸುಳ್ಳು, ವಿನೋದದ ಸುಳ್ಳು, ಪರೋಪಕಾರದ ಸುಳ್ಳು. ಕೊನೆಯೆರಡು ಸಾಮಾನ್ಯವಾಗಿ ಲಘುಪಾಪಗಳೆಂದು ಅವರು ಒಪ್ಪಿದರೂ ಪಾಪದ ಪಟ್ಟಿಯಿಂದ ತೆಗೆದುಹಾಕಲಿಲ್ಲ. ಗುರುಮಠದಲ್ಲಿ ಇದನ್ನು ಓದುವ ತರುಣರಿಗೆ ಅಗಸ್ಟೀನರು ಕಲ್ಲೆದೆಯವರೆಂದು ತೋರುವುದುಂಟು. ಆದರೆ ಅವರೇ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಸಾವಿನಂಚಿನಲ್ಲಿರುವ ರೋಗಿಯೊಬ್ಬ, ಅವನ ಒಬ್ಬನೇ ಮಗ ತೀರಿಕೊಂಡಿದ್ದಾನೆ, ಸುದ್ದಿ ಕೇಳಿದರೆ ಇವನೂ ಉಳಿಯನು. ಮಗನು ಹೇಗಿದ್ದಾನೆಂದು ಅವನು ಕೇಳಿದರೆ ಏನು ಹೇಳುವುದು? ಈ ಪ್ರಶ್ನೆ ತಮ್ಮ ಹೃದಯವನ್ನೂ ಕಲಕುತ್ತದೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಿಲುವನ್ನು ಮಾತ್ರ ಬದಲಿಸಲಿಲ್ಲ. ಒಮ್ಮೆ ಬಾಗಿಲು ತೆರೆದರೆ ಅದನ್ನು ಎಲ್ಲಿ ಮುಚ್ಚುವುದೆಂಬುದೇ ಅವರ ಭಯವಾಗಿತ್ತು.

ಆ ಭಯ ಅತಿಯಾದುದೆನ್ನುವವರು ಈ ಚಿತ್ರದ ಕೊನೆಯ ಭಾಗವನ್ನು ನೋಡಬೇಕು. ನಿಶ್ಚಿತ ವರನು ಸೆಪಿದೆಯನ್ನು ಕೇಳುವುದು ಒಂದೇ ಪ್ರಶ್ನೆ: ನಿಮ್ಮೊಡನೆ ಬರಲು ಕರೆದಾಗ, ತನಗೆ ಮದುವೆ ನಿಶ್ಚಯವಾಗಿದೆಯೆಂದು ಎಲಿ ಹೇಳಲಿಲ್ಲವೇ? ಎಲಿ ಹೇಳಿದ್ದಳು, ಮೊದಲು ನಿರಾಕರಿಸಿಯೂ ಇದ್ದಳು, ಒತ್ತಾಯಿಸಿದವಳು ಸೆಪಿದೆಯೇ. ಎಲಿಯ ಮಾನ ಉಳಿಯಲು ಅಷ್ಟು ಹೇಳಿದರೆ ಸಾಕಾಗಿತ್ತು, ಹೇಳಬೇಕೆಂದು ಆಕೆಗೂ ಇತ್ತು. ಆದರೆ ಹೇಳಿದರೆ ತಮಗೇನಾದೀತೋ ಎಂದು ಹೆದರಿದ ಗೆಳೆಯರೆಲ್ಲ ಆಕೆಯ ಮೇಲೆ ಒತ್ತಡ ಹಾಕುತ್ತಾರೆ. ‘ಹೇಳಲಿಲ್ಲ’ ಎಂದುಬಿಡುತ್ತಾಳೆ. ಕೆಲವೇ ಹೊತ್ತಿನಲ್ಲಿ ಶವಾಗಾರದಲ್ಲಿ ಆ ವರನು ಎಲಿಯ ಮುಖವನ್ನು ಗುರುತಿಸುತ್ತಾನೆ. ನವದಂಪತಿಗಳೆಂದು ನಗುನಗುತ್ತ ಹೇಳಿದ ಬಾಯಿಯೇ ಸತ್ತವಳ ಮೇಲೆ ಕಳಂಕ ಹೊರಿಸಿತು. ಸೆಪಿದೆಯನ್ನು ದುಷ್ಟೆಯೆನ್ನಲು ನಮಗೆ ಮನಸ್ಸಾಗದು; ಆ ತಂಡದಲ್ಲಿ ಎಲಿಗಾಗಿ ನಿಜವಾಗಿ ಮರುಗಿದವರಲ್ಲಿ ಅವಳೇ ಮೊದಲಿಗಳು. ಸತ್ಯಕ್ಕೆ ಎಸಗಿದ ಪ್ರತಿಯೊಂದು ಅಪರಾಧಕ್ಕೂ ಪರಿಹಾರ ಸಲ್ಲಿಸಬೇಕೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ವಿಧಿಸುತ್ತದೆ, ಪಾಪನಿವೇದನೆಯಲ್ಲಿ ಕ್ಷಮೆ ದೊರೆತಿದ್ದರೂ. ಉತ್ತರ ಕೊಡಲು ಜೀವಂತವಿಲ್ಲದವಳಿಗೆ ಆ ಪರಿಹಾರ ಸಲ್ಲುವುದು ಹೇಗೆ?

ಇದು ಇರಾನಿನ ಮುಸ್ಲಿಂ ಸಮಾಜದ ಸಂಗತಿ, ನಮಗೇನೆಂದು ಕೈತೊಳೆದುಕೊಳ್ಳುವುದು ಬೇಡ. ಹುಡುಗಿಗೆ ತಿಳಿಸದೆಯೇ ಹುಡುಗನಿರುವ ಕಡೆಗೆ ‘ಸುಮ್ಮನೆ ಹೋಗಿ ಬರೋಣ’ ಎಂದು ಕರೆದೊಯ್ಯುವ ಚಿಕ್ಕಮ್ಮಂದಿರು, ಅತ್ತೆಯಂದಿರು ನಮ್ಮ ಕುಟುಂಬಗಳಲ್ಲಿಲ್ಲವೇ? ವರನ ಕುಡಿತವನ್ನೋ ಸಾಲವನ್ನೋ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಮುಚ್ಚಿಡುವುದನ್ನು ನಾವು ಕೇಳದ ವರ್ಷವಿಲ್ಲ. ಇವರೆಲ್ಲರೂ ಹಿತೈಷಿಗಳೇ. 1983ರ ಧರ್ಮಸಭೆಯ ನ್ಯಾಯಸಂಹಿತೆಯು ಈ ಹಿತೈಷಿಗಳಿಗೆ ಹೆಚ್ಚು ಸಲಿಗೆ ಕೊಟ್ಟಿಲ್ಲ. ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಗುಣವೊಂದನ್ನು, ಒಪ್ಪಿಗೆ ಪಡೆಯುವ ಸಲುವಾಗಿ ಮರೆಮಾಚಿ ವಂಚಿಸಿದ್ದರೆ ಆ ವಿವಾಹವೇ ಅಸಿಂಧುವೆನ್ನುತ್ತದೆ 1098ನೆಯ ನಿಯಮ. ನಿಶ್ಚಿತಾರ್ಥವಾಯಿತೆಂಬ ಕಾರಣಕ್ಕೆ ಮದುವೆ ನಡೆಯಲೇಬೇಕೆಂದು ಯಾರೂ ದಾವೆ ಹೂಡಲಾಗದು. ನಷ್ಟವಾಗಿದ್ದರೆ ಪರಿಹಾರ ಕೇಳಬಹುದು, ಅಷ್ಟೇ. ಇದು 1062ನೆಯ ನಿಯಮ. ಮಾತು ಕೊಟ್ಟಾಯಿತು, ಸಭಾಗೃಹಕ್ಕೆ ಮುಂಗಡವೂ ಸಂದಾಯವಾಯಿತು, ಇನ್ನು ಬಾಯಿ ಬಿಡಬೇಡವೆಂದು ಮಗಳಿಗೆ ಹೇಳುವ ತಂದೆತಾಯಿಗಳು ಇದನ್ನು ತಿಳಿದಿರುವುದು ಒಳಿತು.

ವಿವಾಹಕ್ಕೆ ಮುಂಚೆ ಧರ್ಮಕೇಂದ್ರದ ಗುರುಗಳು ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ, ಸ್ವಇಚ್ಛೆಯಿಂದ ಒಪ್ಪಿರುವೆಯಾ ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯಿದೆ. ಅನೇಕರು ಅದನ್ನು ಕಾಗದಪತ್ರದ ಕೆಲಸವೆಂದೇ ಭಾವಿಸಿದ್ದಾರೆ. ಹುಡುಗಿ ಉತ್ತರಿಸಲು ತುಸು ತಡಮಾಡಿದರೆ, ಹೊರಗೆ ಜಗಲಿಯಲ್ಲಿ ಕುಳಿತ ಮನೆಯವರು ಬಾಗಿಲು ತಟ್ಟದಿರಲೆಂದು ಕೋರುತ್ತೇವೆ.