ನಾಯಿಯ ಬಾಲ ಜೋತರೆ ಬೆನ್ನನ್ನೂ ನೋಡಿ



ಅಡಿಕೆ ಗರಿ ಹಳದಿಯಾದರೆ, ಹಿಂಗಾರ ಒಣಗಿದರೆ ನಾವು ಅಂದೇ ತಿಳಿದವರನ್ನು ಕೇಳುತ್ತೇವೆ. ಹಸು ಮೇವು ಬಿಟ್ಟರೆ ಪಶುವೈದ್ಯರಲ್ಲಿಗೆ ಓಡುತ್ತೇವೆ. ಆದರೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಂಗಳದ ಅಡಿಕೆ ಕಾಯುವ ನಾಯಿ ಬಾಲ ಇಳಿಸಿ ಮೂಲೆ ಸೇರಿದರೆ "ಸೋಮಾರಿಯಾಯಿತು" ಎಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಬಾಲವೆಂಬುದು ಬೆನ್ನುಮೂಳೆಯದೇ ಕೊನೆ. ನಾಯಿಯ ಕತ್ತಿನಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7, ಅದರ ಹಿಂದೆ ಒಂದಾಗಿ ಬೆಸೆದ 3 ಮಣಿಗಳಿವೆ. ಬಾಲದಲ್ಲಿ ಸುಮಾರು 20. ಬಾಲಕ್ಕೂ ಮೂತ್ರಚೀಲಕ್ಕೂ ಹೋಗುವ ನರಗಳು ಸೊಂಟದ ಹಿಂದೆ ಒಟ್ಟಿಗೆ ಹಾದುಬರುತ್ತವೆ. ಆದ್ದರಿಂದ ಬಾಲವನ್ನು ಬಲವಾಗಿ ಜಗ್ಗಿದ ಪೆಟ್ಟು ಬಾಲದಲ್ಲೇ ನಿಲ್ಲದು. ನಮ್ಮ ಮನೆಯ ನಾಯಿಯ ಬಾಲ ಒಮ್ಮೆ ತೋಟದ ಗೇಟಿಗೆ ಸಿಕ್ಕಿತು. ಬಾಲ ತಾನೇ ಎಂದು ನಾನು ಎರಡು ದಿನ ಕಳೆದೆ. ಮೂರನೆಯ ದಿನ ಹೊಟ್ಟೆ ಬಿಗಿದು ಮೂತ್ರ ತೊಟ್ಟಿಕ್ಕತೊಡಗಿದ ಮೇಲೆ ವೈದ್ಯರಲ್ಲಿಗೆ ಒಯ್ದೆ. ಜೀವ ಉಳಿಯಿತು, ಮೂತ್ರದ ಹತೋಟಿ ಪೂರ್ತಿಯಾಗಿ ಮರಳಲಿಲ್ಲ. ತಪ್ಪು ನನ್ನದೇ.

ಜೋತ ಬಾಲವೆಲ್ಲ ಅಪಾಯವೆಂದಲ್ಲ. ಭದ್ರಾ ನಾಲೆಯಲ್ಲೋ ಸೂಳೆಕೆರೆಯಲ್ಲೋ ಬಹಳ ಹೊತ್ತು ಈಜಿದ ನಾಯಿಯ ಬಾಲ ಮಾರನೆಯ ದಿನ ಜೋತು ಬೀಳುವುದುಂಟು. ಅದು ಸ್ನಾಯುವಿನ ನೋವು. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಎರಡು ವಾರದೊಳಗೆ ವಾಸಿಯಾಗುತ್ತದೆ. ಆದರೆ ಬೆನ್ನು ಗೂನು ಮಾಡಿ ನಿಲ್ಲುವುದು, ಎತ್ತಿದರೆ ಕಿರುಚುವುದು, ಮೆಟ್ಟಿಲು ಹತ್ತದಿರುವುದು, ಹಿಂಗಾಲು ತೂರಾಡುವುದು, ಪಾದ ಮಗುಚಿ ಉಗುರು ನೆಲಕ್ಕೆ ಉಜ್ಜಿ ಸವೆಯುವುದು, ಇವು ಬೆನ್ನುಹುರಿಗೆ ತೊಂದರೆಯಾಗಿರುವ ಲಕ್ಷಣಗಳು. ಹಿಂಗಾಲು ಎಳೆಯತೊಡಗಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ವೈದ್ಯರು ನೋಡಬೇಕು. ಉದ್ದ ಬೆನ್ನಿನ, ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಸಾಕಿದವರು ಇನ್ನೂ ಎಚ್ಚರವಾಗಿರಬೇಕು. ಮಣಿಗಳ ನಡುವಿನ ಮೆತ್ತೆ ಜಾರುವ ರೋಗ ಆ ತಳಿಗೆ ಹೆಚ್ಚು.

ಮರೆಯಬಾರದ ಇನ್ನೊಂದು ಮಾತು. ಹುಚ್ಚುನಾಯಿ ರೋಗದಲ್ಲೂ ಹಿಂಗಾಲು ಸೋಲುತ್ತದೆ. ದವಡೆ ಜೋತು, ಜೊಲ್ಲು ಸುರಿದು, ದನಿ ಬದಲಾಗಿದ್ದರೆ ಗಂಟಲಿಗೆ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ದೂರದಿಂದಲೇ ಕೂಡಿಹಾಕಿ ವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಗುಲಿದ್ದರೆ 15 ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮಲ್ಲಿ ಬೆನ್ನಿಗೆ ಬರೆ ಹಾಕುವವರಿದ್ದಾರೆ, ಎಣ್ಣೆ ತಿಕ್ಕಿ ಬಾಲ ಎಳೆಯುವವರಿದ್ದಾರೆ. ಇವೆರಡೂ ನಿಲ್ಲಬೇಕು. ನಮ್ಮ ಮೈಕೈ ನೋವಿನ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನೂ ಕೊಡಬೇಡಿ. ಅವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪೆಟ್ಟು ಬಿದ್ದ ನಾಯಿಯನ್ನು ಕಂಕುಳಲ್ಲಿ ಎತ್ತದೆ, ಹಲಗೆಯ ಮೇಲೋ ಅಡಿಕೆ ದಬ್ಬೆಯ ತಟ್ಟಿಯ ಮೇಲೋ ಮಲಗಿಸಿ, ಬೆನ್ನು ಬಾಗದಂತೆ ಒಯ್ಯಿರಿ.

ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ತಪಾಸಣೆಗೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಜಗಳೂರಿನ ಸದಸ್ಯರಿಗೆ ಅದು ದೂರ. ಆದ್ದರಿಂದ ಅವರು ಲಕ್ಷಣ ಕಂಡ ದಿನವೇ ಹೊರಡುವುದು ಇನ್ನೂ ಅಗತ್ಯ.

ತೋಟ ಕಾಯುವ ಪ್ರಾಣಿಗೆ ಸಂಬಳವಿಲ್ಲ, ರಜೆಯಿಲ್ಲ. ಬೆಳಿಗ್ಗೆ ಅನ್ನ ಹಾಕುವಾಗ ಒಂದು ನಿಮಿಷ ಅದರ ಬಾಲವನ್ನೂ ನಡಿಗೆಯನ್ನೂ ನೋಡಿರೆಂದು ನನ್ನ ವಿನಂತಿ.