ಕಂಪನಿಯ ತಂಡವೋ, ಒಂಟಿ ದುಡಿಮೆಯೋ?

ಆಳಾಗಬಲ್ಲವನು ಅರಸಾಗಬಲ್ಲ ಎಂಬುದು ನಮ್ಮ ಹಿರಿಯರ ಮಾತು. ಅಮೆರಿಕಕ್ಕೆ ಬಂದ ನಾವು ಅನೇಕರು ಆಳಾಗಿಯೇ ವರ್ಷಗಳನ್ನು ಕಳೆಯುತ್ತೇವೆ. ಅರಸಾಗುವ ಆಸೆ ಶನಿವಾರದ ಊಟದ ಹರಟೆಯಲ್ಲೇ ಉಳಿಯುತ್ತದೆ.

ಆ ಹರಟೆಗೆ ಬಿಸಿ ಏರಿದ್ದು 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗ. ತಂಡದ ನೆರಳು ಇಷ್ಟು ತೆಳುವಾಗಿದ್ದರೆ ಸ್ವಂತವಾಗಿ ದುಡಿಯುವುದೇ ವಾಸಿಯಲ್ಲವೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ಎದ್ದಿತು.

ಆದರೆ ಈ ಆಯ್ಕೆ ಎಲ್ಲರ ಕೈಯಲ್ಲೂ ಇಲ್ಲ. ಎಚ್-1ಬಿ ವೀಸಾದಲ್ಲಿರುವವರು ತಮಗಾಗಿ ಅರ್ಜಿ ಹಾಕಿದ ಕಂಪನಿಗೆ ದುಡಿಯಬೇಕೇ ಹೊರತು ತಮ್ಮಷ್ಟಕ್ಕೆ ಹೊರಗಿನ ಗಿರಾಕಿಗಳ ಕೆಲಸ ಹಿಡಿಯುವಂತಿಲ್ಲ. ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಹುಡುಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು!

ವಿಚಿತ್ರವೆಂದರೆ, ಅದೇ ಮನೆಯಲ್ಲಿ ಎಚ್-4 ವೀಸಾದಲ್ಲಿರುವ ಹೆಂಡತಿಗೋ ಗಂಡನಿಗೋ ಆ ಸ್ವಾತಂತ್ರ್ಯ ಸಿಗಬಹುದು. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ನಿಗದಿತ ಹಂತ ತಲುಪಿದ್ದರೆ, 2015ರಿಂದ ಜಾರಿಯಲ್ಲಿರುವ ನಿಯಮದಡಿ ಕೆಲಸದ ಪರವಾನಗಿ ಪಡೆದು ಸ್ವಂತ ಉದ್ಯೋಗವನ್ನೂ ಮಾಡಬಹುದು. ಆದರೆ ನವೀಕರಣದ ಅರ್ಜಿ ಬಾಕಿ ಇರುವಾಗ ಪರವಾನಗಿ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯವನ್ನು 2025ರ ಅಕ್ಟೋಬರ್ ಕೊನೆಯಿಂದ ಸಲ್ಲಿಸುವ ಅರ್ಜಿಗಳಿಗೆ ನಿಲ್ಲಿಸಲಾಯಿತು. ಹೊಸ ಕಾರ್ಡ್ ತಡವಾದರೆ ಗಿರಾಕಿ ಕಾಯುತ್ತಾನೆಯೇ? ಹಾಗಾಗಿ ಅವಧಿ ಮುಗಿಯುವ ಆರು ತಿಂಗಳ ಮುಂಚೆಯೇ ಅರ್ಜಿ ಹಾಕುವುದು ಜಾಣತನ.

ಇನ್ನು ಲೆಕ್ಕಾಚಾರ. ಸಂಬಳದಾರರು ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಶೇ. 7.65 ಕೊಟ್ಟರೆ ಉಳಿದ ಅರ್ಧವನ್ನು ಕಂಪನಿ ಕಟ್ಟುತ್ತದೆ. ಒಂಟಿ ದುಡಿಮೆಯಲ್ಲಿ ಶೇ. 15.3 ಪೂರ್ತಿ ನಮ್ಮ ತಲೆಯ ಮೇಲೆ. ಆದಾಯ ತೆರಿಗೆಯನ್ನೂ ವರ್ಷಕ್ಕೆ ನಾಲ್ಕು ಕಂತಿನಲ್ಲಿ ನಾವೇ ಅಂದಾಜು ಮಾಡಿ ಕಟ್ಟಬೇಕು. ಮಕ್ಕಳಿರುವ ಮನೆಗೆ ಎಲ್ಲಕ್ಕಿಂತ ದೊಡ್ಡ ಹೊರೆ ಆರೋಗ್ಯ ವಿಮೆ. ಗಂಟೆಗೆ ಸಿಗುವ ದರ ದೊಡ್ಡದಾಗಿ ಕಂಡರೂ ಇವೆಲ್ಲ ಕಳೆದ ಮೇಲೆಯೇ ನಿಜವಾದ ಗಳಿಕೆ ತಿಳಿಯುವುದು.

ಲೆಕ್ಕಕ್ಕೆ ಸಿಗದ ಸಂಗತಿಯೂ ಒಂದಿದೆ. ತಂಡದಲ್ಲಿ ನಮ್ಮ ತಪ್ಪನ್ನು ಗಿರಾಕಿಗಿಂತ ಮೊದಲು ಪಕ್ಕದ ಮೇಜಿನವರು ಹಿಡಿಯುತ್ತಾರೆ. ಮಗುವಿಗೆ ಜ್ವರ ಬಂದ ದಿನ ಇನ್ನೊಬ್ಬರು ಕೆಲಸ ಸಂಭಾಳಿಸುತ್ತಾರೆ. ಒಂಟಿಯಾದವರಿಗೆ ಈ ಆಸರೆ ಇಲ್ಲ. ಆದರೆ ಐದು ಗಿರಾಕಿಗಳಿರುವವರಿಗೆ ಒಬ್ಬ ಕೈಬಿಟ್ಟರೂ ನಾಲ್ವರು ಉಳಿಯುತ್ತಾರೆ. ಸಂಬಳದಾರರಿಗೆ ಇರುವುದು ಒಬ್ಬನೇ ಗಿರಾಕಿ, ಅವರ ಕಂಪನಿ!

ಆದ್ದರಿಂದ ನಮಗನ್ನಿಸುವುದು ಇಷ್ಟು. ಗ್ರೀನ್ ಕಾರ್ಡ್ ಬರುವವರೆಗಿನ ಕಂಪನಿ ವರ್ಷಗಳನ್ನು ಬರೀ ಕಾಯುವಿಕೆ ಎಂದುಕೊಳ್ಳದೆ ಕಸುಬು ಕಲಿಯಲು, ಆರು ತಿಂಗಳ ಖರ್ಚು ಕೂಡಿಡಲು, ಸಹೋದ್ಯೋಗಿಗಳ ವಿಶ್ವಾಸ ಗಳಿಸಲು ಬಳಸೋಣ. ನಾಳೆ ಒಂಟಿಯಾಗಿ ಹೊರಟವರಿಗೆ ಮೊದಲ ಕೆಲಸ ತಂದುಕೊಡುವುದು ಹೆಚ್ಚಾಗಿ ಆ ಹಳೆಯ ತಂಡದ ಗೆಳೆಯರೇ.