ವರದೆಯ ದಂಡೆಯ ಸೈಕಲ್ ದಾರಿ

ಪ್ರವಾಸವೆಂದೊಡನೆ ನಮ್ಮವರ ಮನಸ್ಸು ಹಂಪೆಗೋ ಜೋಗಕ್ಕೋ ಹಾರುತ್ತದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹೆಸರುಗಳನ್ನು ಬಸ್ಸಿನ ಫಲಕದ ಮೇಲೆ ಓದಿದವರು ಬಹಳ. ಅಲ್ಲಿ ಇಳಿದು ನೋಡಿದವರು ವಿರಳ. ಹಾವೇರಿ ಜಿಲ್ಲೆಯ ಈ ಸೀಮೆಯನ್ನು ಕಾಣುವುದಕ್ಕೆ ಮೋಟಾರಿಗಿಂತ ಸೈಕಲ್ಲೇ ತಕ್ಕ ವಾಹನವೆಂಬುದು ನನ್ನ ಬಹುದಿನದ ಅಭಿಪ್ರಾಯ. ಅರೆಮಲೆನಾಡು ಮುಗಿದು ಬಯಲು ಮೊದಲಾಗುವ ಸಂಧಿ ಇದು. ಭತ್ತದ ಗದ್ದೆ ಎಲ್ಲಿ ನಿಂತಿತು, ಎರೆಹೊಲ ಎಲ್ಲಿ ತೊಡಗಿತು ಎಂಬುದು ಮೋಟಾರಿನಲ್ಲಿ ಕುಳಿತವನಿಗೆ ತಿಳಿಯುವುದೇ ಇಲ್ಲ. ಕಾಲಿನಿಂದ ತುಳಿಯುವವನಿಗೆ ಮಾತ್ರ ನೆಲದ ಈ ಮಾರ್ಪಾಟು ಮೈಗೆ ಹತ್ತುತ್ತದೆ.

ಯೂರೋಪಿನಲ್ಲಿ ಮುರಾ, ದ್ರಾವಾ, ಡ್ಯಾನ್ಯೂಬ್ ನದಿಗಳ ಗುಂಟ 1,200 ಕಿಲೋಮೀಟರಿಗೂ ಮಿಕ್ಕಿದ ಸೈಕಲ್ ದಾರಿಯೊಂದು ಏರ್ಪಟ್ಟಿದೆ. ಆ ನದಿಗಳ ದಂಡೆಯನ್ನು ಯುನೆಸ್ಕೊ 2021ರಲ್ಲಿ ಐದು ದೇಶಗಳ ಕೂಡು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ಆಸ್ಟ್ರಿಯಾ, ಸ್ಲೊವೇನಿಯಾ, ಹಂಗೆರಿ, ಕ್ರೊಯೇಷಿಯಾ, ಸರ್ಬಿಯಾಗಳು ತಮ್ಮ ಗಡಿಗಳನ್ನು ಅಳಿಸಿಕೊಂಡಿಲ್ಲ; ಹೊಳೆಯ ಮಟ್ಟಿಗೆ ಮಾತ್ರ ಒಂದಾಗಿವೆ. ಅಲ್ಲಿ ಹೊಳೆಯ ರಕ್ಷಣೆಯೂ ಸೈಕಲ್ಲಿನ ದಾರಿಯೂ ಒಂದೇ ಯೋಚನೆಯ ಎರಡು ಭಾಗಗಳೆಂಬುದನ್ನು ವಾಚಕರು ಗಮನಿಸಬೇಕು.

ನಮಗೆ ಅಂಥ ಗಡಿಗಳೆಲ್ಲಿವೆ ಎಂದು ಕೇಳಬಹುದು. ಇದ್ದವು. 1956ಕ್ಕೆ ಮೊದಲು ವರದೆ ಮೈಸೂರು ರಾಜ್ಯದ ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟಿ, ಮುಂಬಯಿ ಪ್ರಾಂತಕ್ಕೆ ಸೇರಿದ ಬನವಾಸಿಯನ್ನು ಬಳಸಿ, ಹಾನಗಲ್ಲಿನ ಕಡೆಗೆ ಬರುತ್ತಿತ್ತು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಅತ್ತ ಕುಮುದ್ವತಿಯೂ ಶಿಕಾರಿಪುರವನ್ನು ದಾಟಿ ಹಿರೇಕೆರೂರಿನ ಸೀಮೆಗೆ ಇಳಿಯುವಾಗ ರಾಜ್ಯವನ್ನೇ ಬದಲಿಸುತ್ತಿತ್ತು. ಏಕೀಕರಣದಿಂದ ಆ ಗೆರೆಗಳು ನಕಾಶೆಯಿಂದ ಹೋದವು. ಮನಸ್ಸಿನಿಂದ ಹೋದವೇ ಎಂಬುದನ್ನು ಮುಂದೆ ಹೇಳುತ್ತೇನೆ.

ದಾರಿಯನ್ನು ಹೊಸದಾಗಿ ಹುಡುಕಬೇಕಾದುದಿಲ್ಲ. ಬನವಾಸಿಯಿಂದ ಹೊರಟವನು ಹೊಳೆಯ ದಿಕ್ಕನ್ನೇ ಹಿಡಿದು ಧರ್ಮಾ ನದಿ ವರದೆಯನ್ನು ಸೇರುವ ಕೂಡಲಕ್ಕೆ ಬರಬಹುದು. ಅಲ್ಲಿಂದ ಹಾನಗಲ್ಲಿಗೆ ಹೋಗಿ ತಾರಕೇಶ್ವರ ಗುಡಿಯ ಕಲ್ಲಿನ ಕಮಲದ ಛತ್ತನ್ನು ಕೊರಳು ನೋಯುವವರೆಗೆ ನೋಡಬಹುದು. ಶಿಗ್ಗಾಂವಿಯ ಕಡೆಗೆ ತಿರುಗಿದರೆ ಕನಕದಾಸರ ಬಾಡ, ಶರೀಫರ ಶಿಶುನಾಳ. ಹಿರೇಕೆರೂರಿನ ಕಡೆಗೆ ಮಾಸೂರಿನ ಮದಗದ ಕೆರೆ. ಮುಂದೆ 2018ರಿಂದ ತಾನೇ ತಾಲ್ಲೂಕಾಗಿರುವ ರಟ್ಟೀಹಳ್ಳಿಯ ಕದಂಬೇಶ್ವರ. ವರದೆಯ ದಾರಿಯ ಕೊನೆ ಗಳಗನಾಥ. ಅಲ್ಲಿ ಆಕೆ ತುಂಗಭದ್ರೆಗೆ ತನ್ನನ್ನು ಒಪ್ಪಿಸಿಬಿಡುತ್ತಾಳೆ.

ಸವಣೂರಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಗೋಕಾಕರು ಹುಟ್ಟಿದ ಊರು, ವೀಳ್ಯದೆಲೆಯ ಊರು, ಖಾರದ ಊರು. ಅಲ್ಲಿನ ಮಠದ ಆವರಣದಲ್ಲಿ ಆಫ್ರಿಕ ಮೂಲದ ಮೂರು ದೊಡ್ಡಹುಣಸೆ ಮರಗಳು ಶತಮಾನಗಳಿಂದ ನಿಂತಿದ್ದವು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಊರವರು ಅದನ್ನು ಸೌದೆಯೆಂದು ಎಣಿಸಲಿಲ್ಲ. ಕೊಂಬೆ ಕಡಿದು ಹಗುರ ಮಾಡಿ, ಯಂತ್ರದಿಂದ ಎತ್ತಿಸಿ, ಮತ್ತೆ ನೆಡಿಸಿದರು. ಬಿದ್ದ ಮರಕ್ಕೆ ಇಷ್ಟು ಮಾಡಿದ ಸೀಮೆಯವರು ಬೀಳುತ್ತಿರುವ ಹೊಳೆಯ ವಿಷಯದಲ್ಲಿ ಏಕೆ ಸುಮ್ಮನಿದ್ದಾರೆ?

ವರದೆ ಬೀಳುತ್ತಿದ್ದಾಳೆಂಬುದು ಅಲಂಕಾರದ ಮಾತಲ್ಲ. 2019ರಲ್ಲಿ ದಂಡೆ ಮೀರಿ ಹೊಲಮನೆಗಳಿಗೆ ನುಗ್ಗಿದ ಹೊಳೆಯೇ ಬೇಸಗೆಯಲ್ಲಿ ಮಡುಮಡುವಾಗಿ ಒಡೆದು ನಿಲ್ಲುತ್ತದೆ. ನೀರನ್ನು ಹಿಡಿದಿಡಬೇಕಾದ ಮರಳು ಲಾರಿಯೇರಿ ಹೋಗುತ್ತದೆ. ಘಟ್ಟದ ಕಡೆ ಶಾಲ್ಮಲೆಯ ದಂಡೆಗೂ ಅಘನಾಶಿನಿಯ ಕಣಿವೆಗೂ ಸರ್ಕಾರ ಸಂರಕ್ಷಣಾ ಮೀಸಲು ಎಂಬ ಮನ್ನಣೆ ಕೊಟ್ಟಿದೆ. ಬಯಲಿನ ವರದೆಗೆ ಅಂಥದೊಂದೂ ಇಲ್ಲ; ಕಾಡಿದ್ದರೆ ಮಾತ್ರ ನದಿ ಎಂದು ನಾವು ತಿಳಿದಂತಿದೆ. ರಕ್ಷಣೆಯಿಲ್ಲದ ಹೊಳೆಯ ಗುಂಟ ಪ್ರವಾಸೋದ್ಯಮವನ್ನು ಬೆಳೆಸುವುದು ಮರಳು ತೆಗೆದ ಗುಂಡಿಗಳನ್ನು ತೋರಿಸಿ ಹಣ ಕೇಳಿದಂತೆ. ಆದುದರಿಂದ ಮೊದಲು ಹೊಳೆಗೆ ಕಾವಲು, ಆಮೇಲೆ ಸೈಕಲ್ಲಿಗೆ ದಾರಿ.

ಇನ್ನು ಮನಸ್ಸಿನ ಗಡಿ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಹೆಸರೆತ್ತಿದರೆ ಶಿರಸಿ, ಯಲ್ಲಾಪುರಗಳಲ್ಲಿ ಒಂದು ಮಾತು, ಹಾವೇರಿಯಲ್ಲಿ ಇನ್ನೊಂದು. ಅವರಿಗೆ ಕಾಡು ಹೋದೀತೆಂಬ ಭಯ. ಇವರಿಗೆ ಹೊಲ ಒಣಗುತ್ತಿರುವ ಸಂಕಟ. ಎರಡೂ ಸುಳ್ಳಲ್ಲ. ಕಾಡನ್ನು ಕಡಿದು ತಂದ ನೀರು ಬಹುಕಾಲ ನಮ್ಮದಾಗಿ ಉಳಿಯದೆಂದೇ ನಾನು ನಂಬಿದ್ದೇನೆ. ಹಾಗೆಂದು ಒಣಗಿದ ಹೊಲದ ಬದುವಿನಲ್ಲಿ ನಿಂತ ರೈತನಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಎರಡು ಕಡೆಯವರೂ ಸಭೆಗಳಲ್ಲಿ ಭಾಷಣ ಕೇಳಿದ್ದಾರೆ. ಒಬ್ಬರ ಅಂಗಳದಲ್ಲಿ ಒಬ್ಬರು ಕುಳಿತು ನೀರು ಕುಡಿದವರು ಕಡಮೆ. ಸೈಕಲ್ ಸವಾರ ಎಲ್ಲಿಯಾದರೂ ಇಳಿದು ನೀರು ಕೇಳಲೇಬೇಕು. ಅವನು ಗಡಿ ದಾಟುವುದರ ಬಹುದೊಡ್ಡ ಪ್ರಯೋಜನ ಇದೆಂದು ನನಗೆ ತೋರುತ್ತದೆ.

ಕೆಲವರು ನಕ್ಕಾರು: ಈ ಬಿಸಿಲಿನಲ್ಲಿ ಯಾರು ತುಳಿಯುತ್ತಾರೆ? ಬನ್ನಿ ಹಬ್ಬದಿಂದ ಶಿವರಾತ್ರಿಯವರೆಗೆ ತುಳಿಯಲಿ. ಮಳೆಗಾಲದಲ್ಲಂತೂ ಬೇಡ, ಎರೆಮಣ್ಣು ಗಾಲಿಯನ್ನು ಒಮ್ಮೆ ಹಿಡಿದರೆ ಸೈಕಲ್ಲೇ ಸವಾರನ ಹೆಗಲೇರುತ್ತದೆ. ಇದಕ್ಕಾಗಿ ಡಾಂಬರು ಬೇಡ, ರೆಸಾರ್ಟು ಬೇಡ. ಹೊಲದವರ ಒಪ್ಪಿಗೆಯಿಂದ ಬಂಡಿಜಾಡು, ಕೆರೆಯ ಏರಿ, ಬಾಂದಾರದ ದಂಡೆಗಳಿಗೆ ಕೈಮರ ನೆಟ್ಟರೆ ಸಾಕು. ಊರಿನ ಖಾನಾವಳಿ, ಪಂಕ್ಚರು ತಿದ್ದುವ ಅಂಗಡಿ, ಮಠದ ಪ್ರಸಾದ ಉಳಿದುದನ್ನು ನೋಡಿಕೊಳ್ಳುತ್ತವೆ. ಮದಗದ ಕೆರೆ ಕೋಡಿ ಬಿದ್ದಾಗ ಮೋಟಾರುಗಳಲ್ಲಿ ಬರುವ ಜನ ಏನನ್ನು ಬಿಟ್ಟು ಹೋಗುತ್ತಾರೆಂಬುದನ್ನು ಬಲ್ಲವರಿಗೆ ಈ ಮಿತವ್ಯಯದ ಅರ್ಥವಾದೀತು.

2006ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಅವುಗಳಲ್ಲಿ ಎಷ್ಟೋ ಇಂದು ಅಟ್ಟದ ಮೇಲಿರಬಹುದು. ಈ ದಾರಿಯ ಮೊದಲ ಪ್ರವಾಸಿಗಳು ವಿದೇಶದಿಂದ ಬರಬೇಕಿಲ್ಲ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಊರೂರ ಕಥೆಯನ್ನು ಬರೆದುಕೊಳ್ಳುವವರು ಅಲ್ಲಿ ದೊರಕಿಯಾರು. ಹಾನಗಲ್ಲಿನ ಉಪಾಧ್ಯಾಯರೊಬ್ಬರು ಈ ಬನ್ನಿಯ ಮರುದಿನ ಹತ್ತು ಹುಡುಗ ಹುಡುಗಿಯರನ್ನು ಕೂಡಿಕೊಂಡು ಕೂಡಲದವರೆಗೆ ಹೋಗಿಬರಲಿ. ಎಲ್ಲಿ ನೀರಿದೆ, ಎಲ್ಲಿ ಗುಂಡಿ ಬಿದ್ದಿದೆ ಎಂಬುದನ್ನು ಮಕ್ಕಳು ನೋಟುಪುಸ್ತಕದಲ್ಲಿ ಗುರುತು ಮಾಡಲಿ; ಮರುವರ್ಷ ಅದೇ ಪುಸ್ತಕ ಹಿಡಿದು ಮತ್ತೆ ಹೋಗಲಿ.